ಅಭಿಮಾನಿಯ ಸುದ್ದಿ, ಶ್ರಾವಕನ ವ್ರತ

ಬರೆಯುವವನು ಪತ್ರಕರ್ತ, ಓದಿ ಕೊಳ್ಳುವವನು ಗ್ರಾಹಕ ಎಂಬ ಹಳೆಯ ವಿಂಗಡಣೆ ಅಳಿಸಿಹೋಗುತ್ತಿರುವುದಕ್ಕೆ ಅಮೆರಿಕದ ಆ್ಯಪಲ್ ಕಂಪೆನಿ ಹೂಡಿದ ಎರಡು ದಾವೆಗಳು ತಕ್ಕ ನಿದರ್ಶನ. ಆ ಕಂಪೆನಿಯ ಗಣಕಯಂತ್ರಗಳನ್ನು ಮೆಚ್ಚಿ ಬಳಸುತ್ತಿದ್ದವರೇ, ಮಾರುಕಟ್ಟೆಗೆ ಇನ್ನೂ ಬಾರದ ಸರಕುಗಳ ಗುಟ್ಟನ್ನು ಪಡೆದು ಪ್ರಕಟಿಸತೊಡಗಿದ್ದರು. ‘ಥಿಂಕ್ ಸೀಕ್ರೆಟ್’ ಎಂಬ ಅಂತರಜಾಲ ಪ್ರಕಟಣೆಯನ್ನು 1998ರಲ್ಲಿ ಆರಂಭಿಸಿದಾತನಿಗೆ ಆಗ 13 ವರ್ಷ. 2005ರ ಜನವರಿಯಲ್ಲಿ ಅದರ ಮೇಲೆ ದಾವೆ ಬಿತ್ತು. 2007ರ ಡಿಸೆಂಬರಿನಲ್ಲಿ ರಾಜಿಯಾಯಿತು. ಸುದ್ದಿ ಕೊಟ್ಟವರ ಹೆಸರು ಹೊರಬೀಳಲಿಲ್ಲ, ಪ್ರಕಟಣೆ ನಿಂತುಹೋಯಿತು.

ಮತ್ತೊಂದು ದಾವೆ ಧ್ವನಿಮುದ್ರಣದ ಒಂದು ಉಪಕರಣದ ವಿವರ ಸೋರಿದ್ದಕ್ಕೆ ಸಂಬಂಧಿಸಿದ್ದು. ಸೋರಿಸಿದವರನ್ನು ಪತ್ತೆಹಚ್ಚಲು ಕಂಪೆನಿಗೆ ಅನುವು ಮಾಡಿದ್ದ ಕೆಳ ನ್ಯಾಯಾಲಯದ ಆದೇಶವನ್ನು ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯ 2006ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ಪತ್ರಕರ್ತರಿಗಿರುವ ರಕ್ಷಣೆ ಇಂತಹ ಪ್ರಕಾಶಕರಿಗೂ ಉಂಟು, ಯಾವುದು ಸಾಚಾ ಪತ್ರಿಕೋದ್ಯಮವೆಂದು ಅಳೆಯುವುದು ನ್ಯಾಯಾಲಯದ ಕೆಲಸವಲ್ಲ ಎಂಬುದು ಅದರ ನಿಲುವು.

ರಾಜ್ಯನೀತಿಯ ದೃಷ್ಟಿಯಿಂದ ಇದು ಸರಿಯೇ. ಯಾರು ಪತ್ರಕರ್ತರೆಂದು ಮುದ್ರೆಯೊತ್ತುವ ಅಧಿಕಾರ ಸರ್ಕಾರದ ಕೈಗೆ ಹೋಗುವುದು ಅಪಾಯಕರ. ಆದರೆ ಜೈನಾಚಾರದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಅಣುವ್ರತ ವೃತ್ತಿ ನೋಡಿ ಬದಲಾಗುವಂಥದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ತದಾಹೃತಾದಾನ’ವನ್ನು, ಅಂದರೆ ಕಳ್ಳ ತಂದದ್ದನ್ನು ಸ್ವೀಕರಿಸುವುದನ್ನು, ಎಣಿಸುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಂತೆ, ಸ್ವೀಕರಿಸುವವನು ಕಳ್ಳನನ್ನು ಪ್ರೇರಿಸಿರಬೇಕಿಲ್ಲ, ಅವನ ಕೃತ್ಯಕ್ಕೆ ಸಮ್ಮತಿಸಿರಬೇಕೂ ಇಲ್ಲ. ‘ನಾವು ಕದಿಯಲಿಲ್ಲ, ಬಂದದ್ದನ್ನು ಪ್ರಕಟಿಸಿದೆವು’ ಎಂಬ ಸಮರ್ಥನೆಗೆ ಇಲ್ಲಿ ಎಡೆಯಿಲ್ಲ. ವಸ್ತುವಿಗೆ ಹೇಳಿದ್ದು ಸುದ್ದಿಗೆ ಸಲ್ಲದೆಂದು ಆಕ್ಷೇಪಿಸುವವರಿಗೆ ಸತ್ಯಾಣುವ್ರತದ ‘ಸಾಕಾರಮಂತ್ರಭೇದ’ವಿದೆ: ಪರರ ಮನೋಗತವನ್ನು ಇಂಗಿತದಿಂದ ಅರಿತು ಹೊರಗೆಡಹುವುದು. ಅದಕ್ಕೆ ಕಾರಣವಾಗಿ ಹೇಳಿರುವುದು ಅಸೂಯೆ ಮೊದಲಾದವು. ಅಭಿಮಾನಿಯದೋ ಅಸೂಯೆಯಲ್ಲ, ಅನುರಾಗ! ಆದರೆ ಲೋಭ ಸೇರುವುದು ರಾಗದ ಪಾಲಿಗೇ. ನಾಳೆ ಕೊಳ್ಳಬೇಕಾದ ವಸ್ತುವನ್ನು ಇಂದೇ ಬಣ್ಣಿಸುವವನಲ್ಲಿ ವರದಿಗಾರನಿಗೆ ಬೇಕಾದ ತಟಸ್ಥತೆಯನ್ನು ಹುಡುಕುವುದು ಕಷ್ಟ.

ಹಾಗೆಂದು ಎಲ್ಲ ಗುಟ್ಟೂ ಕಾಪಾಡತಕ್ಕದ್ದಲ್ಲ. ಕಲಬೆರಕೆ ಔಷಧವನ್ನೋ ಕಾರ್ಮಿಕರ ಪ್ರಾಣಾಪಾಯವನ್ನೋ ಮುಚ್ಚಿಡುವ ಗುಟ್ಟನ್ನು ಬಯಲಿಗೆಳೆಯುವುದು ಅಹಿಂಸೆಗೆ ಸಲ್ಲುವ ಕಾರ್ಯ. ಧ್ವನಿಮುದ್ರಣದ ಉಪಕರಣದ ವಿವರ ತಿಂಗಳು ತಡವಾಗಿ ತಿಳಿದಿದ್ದರೆ ಯಾವ ಜೀವಕ್ಕೂ ನೋವಾಗುತ್ತಿರಲಿಲ್ಲ.

ಇನ್ನು ಓದುಗ. ಪ್ರತಿದಿನ ಹೊಸ ಗುಟ್ಟು ಬೇಡುವ ಅವನ ಕುತೂಹಲವಿಲ್ಲದೆ ಈ ಪ್ರಕಟಣೆಗಳು ಬದುಕುತ್ತಿರಲಿಲ್ಲ. ಎರಡು ದಾವೆಗಳಲ್ಲಿಯೂ ಅವನ ಪ್ರಸ್ತಾಪ ಬರಲು ಕಾರಣವಿರಲಿಲ್ಲ. ಕೃತ, ಕಾರಿತ, ಅನುಮತ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಶಾಸ್ತ್ರ ಮಾತ್ರ ಅವನನ್ನು ಹೊರಗಿಡುವುದಿಲ್ಲ.