ಲೆಮೆಕನ ಹಾಡು ಮತ್ತು ಮರಣದ ಬಾವಿ: ಹನುಮಾನ್‌ಕೈಂಡ್ ಅವರ ರ‍್ಯಾಪ್ ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

ರ‍್ಯಾಪ್ ಸಂಗೀತದ ಕುರಿತು ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ನಿಲುವುಗಳು ಕೇಳಿಬರುತ್ತವೆ. ಅದು ಅಹಂಕಾರ, ಹಿಂಸೆ, ಹೊಲಸು ಮಾತುಗಳ ಸಂಗೀತವಾದುದರಿಂದ ವಿಶ್ವಾಸಿಗಳಿಗೆ ಸಲ್ಲದು ಎಂಬುದು ಮೊದಲನೆಯದು. ಅದೇ ತಾಳಕ್ಕೆ ಸತ್ಯವೇದದ ಮಾತುಗಳನ್ನು ಕೂಡಿಸಿಬಿಟ್ಟರೆ ಯೌವನಸ್ಥರು ಆರಾಧನೆಗೆ ಬರುತ್ತಾರೆ ಎಂಬುದು ಎರಡನೆಯದು. ಒಂದು ನಿಷೇಧ, ಇನ್ನೊಂದು ಗಾಳ. ಹಾಡನ್ನು ಕುಳಿತು ಕೇಳುವ ಶ್ರಮವನ್ನು ಮಾತ್ರ ಎರಡೂ ತಪ್ಪಿಸಿಕೊಳ್ಳುತ್ತವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸಭೆಗಳಿಗೆ ಸೇವೆಗೆಂದು ಹೋಗಲಿರುವ ಸೆಮಿನರಿ ವಿದ್ಯಾರ್ಥಿಗಳಿಗೆ ಈ ಶ್ರಮ ಅನಿವಾರ್ಯವಾದುದು. ಭಾನುವಾರ ನಮ್ಮ ಪ್ರಸಂಗವನ್ನು ಕೇಳುವ ಕಿವಿಗಳೇ ಉಳಿದ ಆರು ದಿನ ಬಸ್ಸಿನಲ್ಲಿ, ಮೆಟ್ರೊದಲ್ಲಿ ಈ ಹಾಡುಗಳನ್ನು ಕೇಳುತ್ತಿವೆ. ಬೆಂಗಳೂರನ್ನು ನೆಲೆಯಾಗಿಸಿಕೊಂಡು ಜಗತ್ತಿನ ಗಮನ ಸೆಳೆದ ಒಬ್ಬ ರ‍್ಯಾಪರ್‌ನ ಕೃತಿಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಜೀವನ ಮತ್ತು ಧ್ವನಿಮುದ್ರಣಗಳು

ಹನುಮಾನ್‌ಕೈಂಡ್ ಎಂಬುದು ಸೂರಜ್ ಚೆರುಕಾಟ್ ಅವರ ರಂಗನಾಮ. ಹನುಮಂತನ ಹೆಸರನ್ನೂ ಮನುಕುಲವನ್ನು ಸೂಚಿಸುವ ಆಂಗ್ಲ ಪದವನ್ನೂ ಬೆಸೆದು ಅವರು ಅದನ್ನು ಕಟ್ಟಿಕೊಂಡರು. 1992ರಲ್ಲಿ ಕೇರಳದ ಮಲಪ್ಪುರಂನಲ್ಲಿ ಜನಿಸಿದ ಅವರ ಬಾಲ್ಯವು ತಂದೆಯ ಉದ್ಯೋಗದ ನಿಮಿತ್ತ ಹಲವು ದೇಶಗಳಲ್ಲಿ ಹರಿದುಹೋಯಿತು. ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಬೆಳೆದು, ಅಲ್ಲಿನ ದಕ್ಷಿಣ ರಾಜ್ಯಗಳ ರ‍್ಯಾಪ್ ಉಚ್ಚಾರವನ್ನು ನಾಲಿಗೆಗೆ ಹತ್ತಿಸಿಕೊಂಡರು. ಭಾರತಕ್ಕೆ ಮರಳಿ ಕೊಯಮತ್ತೂರಿನಲ್ಲಿ ಪದವಿ ಪಡೆದು, ಬೆಂಗಳೂರಿಗೆ ಬಂದು ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದಂತೆ ಕಾರ್ಪೊರೇಟ್ ಉದ್ಯೋಗಗಳಲ್ಲಿದ್ದರು. ಆ ಬದುಕನ್ನು ತೊರೆದು ಸಂಗೀತವನ್ನೇ ವೃತ್ತಿಯಾಗಿ ಹಿಡಿದರು. 2019ರಲ್ಲಿ ‘ಕಳರಿ’ ಎಂಬ ಕಿರು ಸಂಕಲನವೂ 2020ರಲ್ಲಿ ‘ಸರ್ಫೇಸ್ ಲೆವೆಲ್’ ಎಂಬುದೂ ಹೊರಬಂದವು. ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಥೆಯುಳ್ಳ ಮಲಯಾಳ ಚಿತ್ರ ‘ಆವೇಶಂ’ನಲ್ಲಿಯೂ 2024ರಲ್ಲಿ ಅವರ ಧ್ವನಿ ಕೇಳಿಸಿತು.

ಅದೇ ವರ್ಷದ ಜುಲೈ ತಿಂಗಳಲ್ಲಿ, ಸಂಗೀತ ನಿರ್ಮಾಪಕ ಕಲ್ಮಿ ಅವರೊಡನೆ ರೂಪಿಸಿದ ‘ಬಿಗ್ ಡಾಗ್ಸ್’ ಬಿಡುಗಡೆಯಾಯಿತು. 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಡೆಫ್ ಜಾಮ್ ಸಂಸ್ಥೆಯ ಭಾರತೀಯ ಶಾಖೆ ಅದನ್ನು ಹೊರತಂದಿತು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಅದು 23ನೆಯ ಸ್ಥಾನದವರೆಗೆ ಏರಿತು. 2025ರ ಮಾರ್ಚ್‌ನಲ್ಲಿ ಚೆಂಡೆಯ ನಾದವನ್ನು ಬೆನ್ನೆಲುಬಾಗಿಸಿಕೊಂಡ ‘ರನ್ ಇಟ್ ಅಪ್’ ಬಂದಿತು. ಏಪ್ರಿಲ್‌ನಲ್ಲಿ ಅವರು ಚೆಂಡೆ ವಾದಕರೊಡನೆ ಕ್ಯಾಲಿಫೋರ್ನಿಯದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯೇರಿದರು. ಜುಲೈನಲ್ಲಿ ‘ಮಾನ್ಸೂನ್ ಸೀಸನ್’ ಸಂಕಲನ ಪ್ರಕಟವಾಯಿತು. ಭಾಷೆ ಇಂಗ್ಲಿಷ್, ಉಚ್ಚಾರ ಹ್ಯೂಸ್ಟನ್‌ನದು, ವಾದ್ಯ ಕೇರಳದ್ದು, ಉದ್ಯೋಗದ ಅನುಭವ ಬೆಂಗಳೂರಿನದು. ಹೀಗೆ ನಾಲ್ಕು ನೆಲಗಳಿಂದ ಕೂಡಿಬಂದ ಈ ಧ್ವನಿಯು ತನ್ನದೇ ಆದ ಒಂದು ಊರನ್ನು ಹುಡುಕುತ್ತಿದೆ. ನಾಲ್ಕು ರಾಜ್ಯಗಳ ಜನರು ಒಂದೇ ಮಹಡಿಯಲ್ಲಿ ವಾಸಿಸುವ ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಗಳಲ್ಲಿ ಈ ಹುಡುಕಾಟದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಹೆಚ್ಚಳದ ವಂಶಾವಳಿ

1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಬಡಾವಣೆಯಲ್ಲಿ ಮೊಳೆತ ಹಿಪ್-ಹಾಪ್ ಸಂಸ್ಕೃತಿಯು 1980ರ ದಶಕದ ಕೊನೆಗೆ ಹಾರ್ಡ್‌ಕೋರ್ ಎಂಬ ಕಟುವಾದ ಕವಲನ್ನು ಪಡೆಯಿತು. 1988ರಲ್ಲಿ ಎನ್.ಡಬ್ಲ್ಯು.ಎ. ತಂಡವು ಕಾಂಪ್ಟನ್‌ನ ಬೀದಿಗಳಿಂದ ಹೊರಡಿಸಿದ ಸಂಕಲನ ಅದರ ಮೈಲಿಗಲ್ಲು. ಎದುರಾಳಿಯನ್ನು ಕೆಣಕುವುದು, ತನ್ನನ್ನು ತಾನೇ ಕೊಂಡಾಡಿಕೊಳ್ಳುವುದು, ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಈ ಕವಲಿನ ಲಕ್ಷಣಗಳು. ‘ಬಿಗ್ ಡಾಗ್ಸ್’ ಈ ಮಾತಿಗೆ ಪೂರ್ಣವಾಗಿ ಬದ್ಧವಾಗಿದೆ. ಅದರಲ್ಲಿ ಬೈಗುಳವಿದೆ, ಬಡಾಯಿಯಿದೆ, ತನ್ನ ಸಂಗಡಿಗರ ಗುಂಪಿನ ಬಲದ ಪ್ರದರ್ಶನವಿದೆ.

ಹೆಚ್ಚಳದ ಹಾಡು ಸತ್ಯವೇದಕ್ಕೆ ಅಪರಿಚಿತವಲ್ಲ. ಆದಿಕಾಂಡ 4ನೆಯ ಅಧ್ಯಾಯದಲ್ಲಿ ಕಾಯಿನನು ಒಂದು ಪಟ್ಟಣವನ್ನು ಕಟ್ಟಿಸುತ್ತಾನೆ. ಅವನ ವಂಶದಲ್ಲಿ ಯೂಬಾಲನು ಕಿನ್ನರಿ ಕೊಳಲುಗಳ ಮೂಲಪುರುಷನಾಗುತ್ತಾನೆ. ತೂಬಲ್‌ಕಾಯಿನನು ತಾಮ್ರ ಕಬ್ಬಿಣಗಳ ಕೆಲಸಗಾರನಾಗುತ್ತಾನೆ. ಅವರ ತಂದೆಯಾದ ಲೆಮೆಕನು ತನ್ನ ಇಬ್ಬರು ಹೆಂಡತಿಯರನ್ನು ಕರೆದು, ತನಗೆ ಗಾಯಮಾಡಿದವನನ್ನು ಕೊಂದೆನೆಂದೂ ತನ್ನ ಮುಯ್ಯಿ ಎಪ್ಪತ್ತೇಳರಷ್ಟೆಂದೂ ಪದ್ಯರೂಪದಲ್ಲಿ ಕೊಚ್ಚಿಕೊಳ್ಳುತ್ತಾನೆ. ಪಟ್ಟಣ, ಸಂಗೀತ, ಲೋಹದ ಕೈಗಾರಿಕೆ, ಹೆಚ್ಚಳದ ಹಾಡು, ಈ ನಾಲ್ಕೂ ಒಂದೇ ಮನೆತನದಲ್ಲಿ ಹುಟ್ಟಿದವು ಎಂಬ ಈ ನೆನಪು ಪೀಣ್ಯದ ಲೇತ್ ಯಂತ್ರಗಳ ನಡುವೆ ಸುವಾರ್ತೆ ಸಾರುವವನಿಗೆ ಬಹಳ ಬೆಲೆಯುಳ್ಳದ್ದು.

ಲೆಮೆಕನ ಹಾಡನ್ನು ಸತ್ಯವೇದವು ಮುಚ್ಚಿಡಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅದನ್ನು ಪೂರ್ಣವಾಗಿ ದಾಖಲಿಸಿತು. ಬಳಿಕ ಬಹುಕಾಲ ಕಾದು ಉತ್ತರ ಕೊಟ್ಟಿತು. ಮತ್ತಾಯ 18ರಲ್ಲಿ ಪೇತ್ರನು ಎಷ್ಟು ಸಾರಿ ಕ್ಷಮಿಸಬೇಕೆಂದು ಕೇಳಿದಾಗ ಯೇಸು ಹೇಳುವ ಸಂಖ್ಯೆಯು ಗ್ರೀಕ್ ಭಾಷಾಂತರದ ಲೆಮೆಕನ ಸಂಖ್ಯೆಯೇ ಆಗಿದೆ. ಮುಯ್ಯಿಯ ಲೆಕ್ಕವು ಕ್ಷಮೆಯ ಲೆಕ್ಕವಾಗಿ ತಿರುಗಿದೆ. ಲೆಮೆಕನನ್ನು ಕೇಳಿಸಿಕೊಳ್ಳದವನಿಗೆ ಈ ಉತ್ತರದ ಬಲ ತಿಳಿಯಲಾರದು. ಹಾರ್ಡ್‌ಕೋರ್ ರ‍್ಯಾಪ್ ಕುರಿತ ನಿಷೇಧದ ನಿಲುವು ಸೋಲುವುದು ಇಲ್ಲಿಯೇ.

ಇದರ ಜೊತೆಗೆ ನಮ್ಮ ನೆಲದ ಪರಂಪರೆಯನ್ನೂ ನೆನೆಯಬೇಕು. ವೀರಗಾಸೆಯ ಕುಣಿತದಲ್ಲಿ ಕಲಾವಿದನು ಖಡ್ಗ ಹಿಡಿದು ಏರುದನಿಯಲ್ಲಿ ಹೇಳುವ ಒಡಪು, ಆರ್ಭಟವನ್ನೂ ಲಯವನ್ನೂ ಕೂಡಿಸಿಕೊಂಡ ಮಾತುಗಾರಿಕೆಯೇ ಆಗಿದೆ. ಆದರೆ ಒಡಪು ಹೇಳುವವನು ವೀರಭದ್ರನ ಪ್ರತಾಪವನ್ನು ಹೊಗಳುತ್ತಾನೆ, ತನ್ನನ್ನಲ್ಲ. ರ‍್ಯಾಪರ್‌ನ ಹೊಗಳಿಕೆಯು ಮತ್ತೆ ಹೊಗಳುವವನ ಬಳಿಗೇ ಮರಳುತ್ತದೆ. ಈ ವ್ಯತ್ಯಾಸವನ್ನು ನಮ್ಮ ಹಳ್ಳಿಗಳಿಂದ ಬಂದ ಕೇಳುಗರು ಸುಲಭವಾಗಿ ಗುರುತಿಸಬಲ್ಲರು.

ಗೋಡೆಯ ಮೇಲಿನ ಬದುಕು

‘ಬಿಗ್ ಡಾಗ್ಸ್’ನ ದೃಶ್ಯರೂಪವನ್ನು ಬಿಜೋಯ್ ಶೆಟ್ಟಿ ನಿರ್ದೇಶಿಸಿದ್ದಾರೆ. ಕೇರಳದ ಪೊನ್ನಾನಿಯಲ್ಲಿ, ಜಾತ್ರೆಗಳಲ್ಲಿ ‘ಮೌತ್ ಕಾ ಕುವಾ’ ಎಂದು ಕರೆಯುವ ಮರಣದ ಬಾವಿಯೊಳಗೆ ಅದರ ಚಿತ್ರೀಕರಣ ನಡೆಯಿತು. ಹಲಗೆಗಳಿಂದ ಕಟ್ಟಿದ ನೆಟ್ಟನೆಯ ದುಂಡು ಗೋಡೆಯ ಮೇಲೆ ಮೋಟಾರ್‌ಸೈಕಲ್ಲುಗಳೂ ಕಾರುಗಳೂ ಸುತ್ತುತ್ತಿರುತ್ತವೆ. ತಳದಲ್ಲಿ ನಿಂತು ಗಾಯಕನು ಹಾಡುತ್ತಾನೆ. ಕೃತಕ ಚಮತ್ಕಾರದಲ್ಲೇ ಮುಳುಗಿರುವ ಈ ದಿನಗಳಲ್ಲಿ ನಿಜವಾದ ದೇಹಗಳ ನಿಜವಾದ ಅಪಾಯವನ್ನು ತೋರಿಸಿದ್ದು ಈ ಕೃತಿಯ ದೊಡ್ಡ ಶಕ್ತಿ. ಜಾತ್ರೆಯ ಮೂಲೆಯಲ್ಲಿ ಸೊರಗುತ್ತಿದ್ದ ಒಂದು ಜೀವನೋಪಾಯಕ್ಕೆ ಅದು ಜಗತ್ತಿನ ಕಣ್ಣನ್ನು ತಂದುಕೊಟ್ಟಿತು.

ಈ ಬಾವಿಯ ಕಾರ್ಯವಿಧಾನವನ್ನು ಗಮನಿಸಿರಿ. ಚಕ್ರವು ಗೋಡೆಯನ್ನು ಒತ್ತುವಷ್ಟು ವೇಗವಿದ್ದರೆ ಮಾತ್ರ ಘರ್ಷಣೆಯು ಸವಾರನನ್ನು ಬೀಳದಂತೆ ಹಿಡಿಯುತ್ತದೆ. ವೇಗ ಕುಗ್ಗಿದರೆ ಪತನ. ಅವನನ್ನು ಆಧರಿಸುವ ಬೇರೆ ಯಾವ ಕೈಯೂ ಅಲ್ಲಿಲ್ಲ. ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ರಾತ್ರಿಪಾಳಿ ಮಾಡುವ ಯುವತಿಗೂ, ಗುತ್ತಿಗೆಯ ಮೇಲೆ ಕಾರ್ಖಾನೆಯಲ್ಲಿ ದುಡಿಯುವ ಯುವಕನಿಗೂ, ಹತ್ತು ನಿಮಿಷದೊಳಗೆ ಸಾಮಾನು ತಲುಪಿಸಬೇಕಾದ ಡೆಲಿವರಿ ಹುಡುಗನಿಗೂ ಈ ಚಿತ್ರ ತಮ್ಮದೆಂದು ತೋರಿದರೆ ಆಶ್ಚರ್ಯವಿಲ್ಲ. ಓಡುತ್ತಿರುವವರೆಗೆ ಸ್ಥಾನವುಂಟು, ನಿಂತರೆ ಇಲ್ಲ. ಇದು ಕ್ರಿಯೆಗಳಿಂದಲೇ ನೀತಿವಂತನಾಗಬೇಕೆಂಬ ಬೋಧನೆಯ ಲೌಕಿಕ ರೂಪ. ಸಬ್ಬತ್ತನ್ನು ಅರಿಯದ ಲೋಕದ ನಿಖರವಾದ ಚಿತ್ರ.

ಕೃತಿಯ ಮಿತಿಯೂ ಇಲ್ಲಿಯೇ ಇದೆ. ಚಿತ್ರವು ಇಷ್ಟು ಸತ್ಯವಾಗಿದ್ದರೂ ಪದಗಳು ಅದನ್ನು ಪ್ರಶ್ನಿಸುವುದಿಲ್ಲ. ಸವಾರನು ಏಕೆ ಈ ಗೋಡೆಯನ್ನು ಏರಬೇಕಾಯಿತು, ಬಿದ್ದವನನ್ನು ಯಾರು ಎತ್ತುವರು ಎಂಬ ವಿಚಾರ ಹಾಡಿನೊಳಗೆ ಬರುವುದಿಲ್ಲ. ಸವಾರರ ಅಪಾಯವು ಗಾಯಕನ ಪ್ರತಾಪಕ್ಕೆ ಒಡವೆಯಾಗುತ್ತದೆ. ‘ರನ್ ಇಟ್ ಅಪ್’ನ ದೃಶ್ಯದಲ್ಲಿಯೂ ಕಳರಿಪಯಟ್ಟು ಮೊದಲಾದ ಸಮರಕಲೆಗಳು ಭವ್ಯವಾಗಿ ಬರುತ್ತವೆ, ಆದರೂ ಆ ಕಲೆಗಳನ್ನು ಉಳಿಸಿಕೊಂಡು ಬಂದ ಜನರ ದುಃಖಸುಖಗಳಿಗಿಂತ ಅವುಗಳ ತೇಜಸ್ಸೇ ಮೇಲುಗೈ ಪಡೆಯುತ್ತದೆ. ಕಣ್ಣು ಕಂಡದ್ದನ್ನು ನಾಲಿಗೆ ನುಡಿಯಲಿಲ್ಲ ಎಂಬುದೇ ಈ ಕೃತಿಗಳ ಮೇಲೆ ನಾವು ಹೊರಿಸಬೇಕಾದ ಆಕ್ಷೇಪ. ಬೈಗುಳದ ಮೇಲಿನ ಆಕ್ಷೇಪವು ಇದಕ್ಕಿಂತ ಬಹಳ ಚಿಕ್ಕದು.

ಪ್ರಲಾಪದ ಸಾಧ್ಯತೆ

ಈ ಪ್ರಕಾರಕ್ಕೆ ಪ್ರಲಾಪವು ಅಸಾಧ್ಯವೆಂದು ವಾದಿಸುವವರಿಗೆ ಬೆಂಗಳೂರೇ ಉತ್ತರ ಕೊಟ್ಟಿದೆ. ‘ಮಚ್ಚಾಸ್ ವಿತ್ ಆಟಿಟ್ಯೂಡ್’ ತಂಡದಿಂದ ಬಂದ ಬ್ರೋಧಾ ವಿ ಅವರ ‘ಆತ್ಮ ರಾಮ’ (2012) ಹಾಡಿನಲ್ಲಿ ದಾರಿ ತಪ್ಪಿದ ಒಬ್ಬ ನಗರದ ಯುವಕನ ನಿವೇದನೆಯು ರಾಮಭಜನೆಯ ಪಲ್ಲವಿಯೊಡನೆ ಹೆಣೆದುಕೊಂಡಿದೆ. ಬೇರೆ ಧರ್ಮದ ಪ್ರಾರ್ಥನೆಯಾದರೂ, ಹೆಚ್ಚಳದ ಪ್ರಕಾರವೊಂದು ಮೊಣಕಾಲೂರಬಲ್ಲದು ಎಂಬುದಕ್ಕೆ ಅದು ಸಾಕ್ಷಿಯಾಗಿದೆ; ಗೌರವದಿಂದ ಕೇಳಬೇಕಾದದ್ದು. ಕನ್ನಡ ಕಾವ್ಯದಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಕೋಪಕ್ಕೆ ಒಂದು ಸಮುದಾಯದ ಮೈಯನ್ನು ಕೊಟ್ಟಿತು. ಅಲ್ಲಿನ ಕೋಪವು ಒಬ್ಬನ ಕೀರ್ತಿಗಾಗಿ ದುಡಿಯಲಿಲ್ಲ. ಜೇಮ್ಸ್ ಕೋನ್ ಅವರು 1972ರ ತಮ್ಮ ಗ್ರಂಥದಲ್ಲಿ ಕರಿಯರ ಭಕ್ತಿಗೀತೆಗಳನ್ನೂ ಬ್ಲೂಸ್ ಹಾಡುಗಳನ್ನೂ ಒಟ್ಟಿಗೆ ಇಟ್ಟು ಓದಿ, ದೇವಾಲಯದ ಹೊರಗೆ ಹುಟ್ಟಿದ ನೋವಿನ ಹಾಡೂ ದೈವಶಾಸ್ತ್ರಕ್ಕೆ ಆಕರವೆಂದು ತೋರಿಸಿಕೊಟ್ಟರು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಡಾಯಿಯ ಹಾಡಿನಿಂದ ಪ್ರಲಾಪವನ್ನು ಬಯಸುವುದು, ಲಾವಣಿಯನ್ನು ಕೀರ್ತನೆಯ ಅಳತೆಗೋಲಿನಿಂದ ಅಳೆದಂತಲ್ಲವೇ? ಬಣ್ಣದ ಕಾರಣಕ್ಕಾಗಿ, ಉಚ್ಚಾರದ ಕಾರಣಕ್ಕಾಗಿ ಹೀಗಳೆಯಲ್ಪಟ್ಟವನಿಗೆ ತಲೆಯೆತ್ತಿ ನಿಲ್ಲುವುದೇ ಒಂದು ಬಿಡುಗಡೆಯಲ್ಲವೇ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ತಗ್ಗಿದವರು ತಲೆಯೆತ್ತುವುದನ್ನು ಮರಿಯಳ ಗೀತೆಯೂ ಹಾಡುತ್ತದೆ. ಆದರೆ ಆ ಗೀತೆಯಲ್ಲಿ ಒಬ್ಬಳು ಎದ್ದಾಗ ಹಸಿದವರೆಲ್ಲರೂ ಅವಳೊಡನೆ ಏಳುತ್ತಾರೆ. ಎದ್ದವನೊಡನೆ ಯಾರು ಎದ್ದರು ಎಂಬುದು ಹೆಚ್ಚಳದ ಹಾಡಿಗೆ ನಾವು ಕೇಳಬಹುದಾದ ನ್ಯಾಯವಾದ ಪ್ರಶ್ನೆ. ಪೌಲನು ಕೊರಿಂಥದವರಿಗೆ ಬರೆಯುವಾಗ ಹೆಚ್ಚಳದ ಪ್ರಕಾರವನ್ನು ತ್ಯಜಿಸದೆ ಅದನ್ನೇ ಬಳಸಿ, ತನ್ನ ಸಾಹಸಗಳ ಪಟ್ಟಿಯ ಕೊನೆಗೆ ದಮಸ್ಕದ ಗೋಡೆಯಿಂದ ಹೆಡಿಗೆಯಲ್ಲಿ ಇಳಿಸಲ್ಪಟ್ಟದ್ದನ್ನು ಇಟ್ಟನು. ಶತ್ರುಪಟ್ಟಣದ ಗೋಡೆಯನ್ನು ಮೊದಲು ಏರಿದ ಸೈನಿಕನಿಗೆ ಕಿರೀಟವಿಡುತ್ತಿದ್ದ ರೋಮನ್ ಲೋಕದಲ್ಲಿ ಅವನು ಗೋಡೆಯನ್ನು ಇಳಿದದ್ದನ್ನು ಹೇಳಿಕೊಂಡನು. ಅದೂ ಬೇರೆಯವರು ಹಿಡಿದ ಹಗ್ಗದಿಂದ. ಹನುಮಾನ್‌ಕೈಂಡ್ ಅವರ ಬಾವಿಯಲ್ಲಿ ಕಾಣದಿರುವುದು ಈ ಹಗ್ಗವೇ.

ಸಭೆಯ ಕರ್ತವ್ಯ

1862ರಲ್ಲಿ ಫರ್ಡಿನಾಂಡ್ ಕಿಟ್ಟೆಲರು ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನಾಡಿನ ಪದ್ಯರೂಪಕ್ಕೆ ತಂದರು. ಅದಕ್ಕೆ ಮೊದಲು ಅವರು ಕನ್ನಡ ಛಂದಸ್ಸನ್ನು ಶಿಷ್ಯನಂತೆ ಕಲಿತರು. ಗಾಳ ಹಾಕುವವನಿಗೆ ಈ ತಾಳ್ಮೆಯಿರುವುದಿಲ್ಲ. ರ‍್ಯಾಪ್ ಬಳಸಿ ಸುವಾರ್ತೆ ಸಾರಬಯಸುವ ಸಭೆಯು ಮೊದಲು ಆ ಪ್ರಕಾರದ ವ್ಯಾಕರಣವನ್ನು ಕಲಿಯಲಿ. ಪೀಣ್ಯದ ಯೌವನಸ್ಥರು ತಮ್ಮ ಪಾಳಿ, ಬಾಡಿಗೆ, ಸಾಲ, ಅವಮಾನಗಳನ್ನು ತಮ್ಮ ಕನ್ನಡದಲ್ಲೇ ಆ ಲಯಕ್ಕೆ ಹಾಕಲು ಬಿಡಲಿ. ಅವರು ಹಾಡಿದ್ದು ಸ್ತೋತ್ರವಾಗದೆ ದೂರಾಗಿಯೇ ಮುಗಿದರೆ, ಕೀರ್ತನೆ 88 ಕೂಡ ಕತ್ತಲಲ್ಲಿಯೇ ಮುಗಿಯುತ್ತದೆಂಬುದನ್ನು ನೆನೆದು ಅದಕ್ಕೆ ಆರಾಧನೆಯಲ್ಲಿ ಸ್ಥಾನ ಕೊಡಲಿ.

ಯೆರೆಮೀಯನು ಕೆಸರಿನ ಬಾವಿಯಲ್ಲಿ ಹೂತುಹೋಗುತ್ತಿದ್ದಾಗ ಕೂಷ್ಯನಾದ ಎಬೆದ್ಮೆಲೆಕನು ಹಗ್ಗವನ್ನು ಮಾತ್ರ ತರಲಿಲ್ಲ. ಹಗ್ಗವು ಕಂಕುಳನ್ನು ಕೊಯ್ಯದಂತೆ ಹಳೆಯ ಬಟ್ಟೆಯ ಚಿಂದಿಗಳನ್ನೂ ಇಳಿಯಬಿಟ್ಟನು (ಯೆರೆಮೀಯ 38). ಎಲ್ಲಿ ಕೊಯ್ಯುವುದೆಂದು ಮುಂಚಿತವಾಗಿ ಯೋಚಿಸಿದವನ ರಕ್ಷಣೆ ಅದು. ನಮ್ಮ ಸಭೆಯ ಯುವಕನೊಬ್ಬನು ಈ ಹಾಡುಗಳನ್ನು ಕೇಳುತ್ತಿರುವುದು ಕಂಡುಬಂದಾಗ, ಅವನ ಕಿವಿಯಿಂದ ಅದನ್ನು ಕಿತ್ತುಹಾಕುವ ಮೊದಲು ಸಭಾಪಾಲಕನು ಅವನೊಡನೆ ಕುಳಿತು ಕೇಳಲಿ. ಅದರಲ್ಲಿ ನಿನ್ನದೆಂದು ಅನಿಸಿದ್ದು ಯಾವುದು ಎಂದು ವಿಚಾರಿಸಲಿ. ಸುವಾರ್ತೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ಆ ಉತ್ತರದಿಂದ ತಿಳಿದುಬರುವುದು.