ಪುನರ್ಮುದ್ರಣವೂ ಪಾಠರಕ್ಷಣೆಯೂ

ಪ್ರಾಚೀನ ಸಾಹಿತ್ಯದ ಉದ್ಧಾರವೆಂದರೆ ಓಲೆಯ ಗರಿಗಳಲ್ಲಿ ಅಡಗಿದ್ದ ಕೃತಿಗಳನ್ನು ಅಚ್ಚಿಗೆ ತರುವುದೆಂದೇ ಬಹುಕಾಲದಿಂದ ತಿಳಿಯಲಾಗಿದೆ. ಕನ್ನಡದಲ್ಲಿ ಈ ಕಾರ್ಯವು ಆರಂಭವಾಗಿ ಒಂದೂವರೆ ಶತಮಾನಕ್ಕೂ ಮಿಕ್ಕಿ ಕಾಲ ಸಂದಿದೆ. ಈಗ ಅದಕ್ಕೆ ಸಮನಾದ ಮತ್ತೊಂದು ಕರ್ತವ್ಯವು ಒದಗಿದೆ. ಅಂದು ಅಚ್ಚಾದ ಪುಸ್ತಕಗಳೇ ಇಂದು ಓಲೆಯ ಪ್ರತಿಗಳಷ್ಟು ವಿರಳವಾಗಿವೆ. ಅವುಗಳನ್ನು ಮರಳಿ ಅಚ್ಚುಹಾಕಬೇಕೆಂಬ ಉತ್ಸಾಹವೂ ಸಂಸ್ಥೆಗಳಲ್ಲಿಯೂ ಪ್ರಕಾಶಕರಲ್ಲಿಯೂ ಕಂಡುಬರುತ್ತಿದೆ. ಉತ್ಸಾಹವು ಸ್ತುತ್ಯವಾದುದು. ಆದರೆ ಪುನರ್ಮುದ್ರಣವನ್ನು ಬರಿಯ ಮುದ್ರಣಾಲಯದ ಕೆಲಸವೆಂದು ಎಣಿಸುವವರೆಗೆ ಅದರಿಂದ ಪುಸ್ತಕಗಳ ಸಂಖ್ಯೆ ಹೆಚ್ಚಬಹುದೇ ಹೊರತು ಸಾಹಿತ್ಯವು ಉಳಿಯಲಾರದು. ಪುನರ್ಮುದ್ರಣವೂ ಗ್ರಂಥಸಂಪಾದನೆಯ ಒಂದು ಅಂಗ. ಅದಕ್ಕೂ ಶಾಸ್ತ್ರವುಂಟು, ಹೊಣೆಯುಂಟು.

ಮೊದಲ ಮುದ್ರಣಗಳ ಚರಿತ್ರೆಯು ವಿದ್ವಾಂಸರಿಗೆ ವಿದಿತವೇ ಆಗಿದೆ. ಹೆರ್ಮನ್ ಮೋಗ್ಲಿಂಗನು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರನ ಧನಸಹಾಯದಿಂದ 1848ರಲ್ಲಿ ಮಂಗಳೂರಿನ ಕಲ್ಲಚ್ಚಿನಲ್ಲಿ ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಮಾಲೆಯನ್ನು ಆರಂಭಿಸಿದನು. ಕಿಟ್ಟೆಲನು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಪ್ರಕಟಿಸಿದನು. ಮೈಸೂರಿನಲ್ಲಿ ರೈಸನ ಮೇಲ್ವಿಚಾರಣೆಯಲ್ಲಿ 1890ರಲ್ಲಿ ಭಟ್ಟಾಕಳಂಕನ ‘ಶಬ್ದಾನುಶಾಸನ’ವೂ, 1898ರಲ್ಲಿ ‘ಪಂಪಭಾರತ’ವೂ, ಅದೇ ವರ್ಷ ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ‘ಕವಿರಾಜಮಾರ್ಗ’ವೂ ಬೆಳಕು ಕಂಡವು. 1892ರಿಂದ ಎಂ. ಎ. ರಾಮಾನುಜೈಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ‘ಕರ್ಣಾಟಕ ಕಾವ್ಯಮಂಜರಿ’ಯ ಮೂಲಕ ಕಾವ್ಯಗಳನ್ನು ಬಿಡಿಬಿಡಿಯಾಗಿ ಹೊರತರತೊಡಗಿದರು. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಿದ್ದಿತು. ಇವುಗಳಲ್ಲಿ ಒಂದೊಂದೂ ಒಂದು ಕೃತಿಯ ಎರಡನೆಯ ಹುಟ್ಟು.

ಈ ಮುದ್ರಣಗಳು ಈಗ ಎರಡು ಕಾರಣಗಳಿಂದ ಮೂಲಪ್ರತಿಗಳ ಸ್ಥಾನವನ್ನು ಪಡೆದಿವೆ. ಆ ಸಂಪಾದಕರು ನೋಡಿದ ಓಲೆಗಳೆಲ್ಲವೂ ಇಂದು ಕೈಗೆ ಸಿಕ್ಕುವುದಿಲ್ಲ. ಮಠ ಬಸದಿಗಳಿಂದಲೂ ಪಂಡಿತರ ಮನೆಗಳಿಂದಲೂ ಎರವಾಗಿ ಬಂದ ಕಟ್ಟುಗಳು ಹಿಂದಿರುಗಿ, ಹುಳು ತಿಂದೋ ತೇವಕ್ಕೆ ಸಿಕ್ಕಿಯೋ ಹಾಳಾದದ್ದುಂಟು. ಅಂತಹ ಎಡೆಯಲ್ಲಿ ಅಚ್ಚಾದ ಪುಸ್ತಕವೇ ಆ ಓಲೆಗೆ ಉಳಿದ ಏಕೈಕ ಸಾಕ್ಷಿ. ಎರಡನೆಯದಾಗಿ, ಆ ಸಾಕ್ಷಿಯ ಆಯುಸ್ಸೂ ದೀರ್ಘವಲ್ಲ. ಚೆನ್ನಾಗಿ ಹದಮಾಡಿ ಎಣ್ಣೆ ಸವರಿದ ಓಲೆಯು ಹಲವು ಶತಮಾನ ಬಾಳಬಲ್ಲುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬಳಕೆಗೆ ಬಂದ ಮರದ ತಿರುಳಿನ ಕಾಗದವೋ, ಸ್ಫಟಿಕದ ಅಂಟಿನಿಂದ ತನ್ನೊಳಗೇ ಆಮ್ಲವನ್ನು ಹೊತ್ತುಕೊಂಡು, ನೂರು ವರ್ಷಗಳೊಳಗೆ ಹಳದಿಗಟ್ಟಿ, ಮಡಿಸಿದೆಡೆ ಮುರಿಯುತ್ತದೆ. ಓಲೆಯಿಂದ ಕಾಗದಕ್ಕೆ ಬಂದ ಕೃತಿಯು ಹೆಚ್ಚು ಭದ್ರವಾಯಿತೆಂಬ ನಂಬಿಕೆಯು ಪೂರ್ಣವಾಗಿ ನಿಜವಲ್ಲ. ಅದು ಹೆಚ್ಚು ಜನರ ಕೈ ಸೇರಿತು, ಅಷ್ಟೆ.

ಆದುದರಿಂದ ಪುನರ್ಮುದ್ರಣವು ಅಗತ್ಯವೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಅದರ ಕ್ರಮದಲ್ಲಿ. ಶಾಸ್ತ್ರಸಮ್ಮತವಾದ ಮಾರ್ಗಗಳು ಎರಡೇ. ಒಂದು, ಹಳೆಯ ಪುಟವನ್ನು ಛಾಯಾಚಿತ್ರದ ಮೂಲಕ ಇದ್ದುದಿದ್ದಂತೆ ಅಚ್ಚುಹಾಕುವ ಯಥಾಪ್ರತಿ. ಮತ್ತೊಂದು, ದೊರೆತ ಓಲೆಗಳನ್ನೂ ಹಳೆಯ ಮುದ್ರಣವನ್ನೂ ಹೋಲಿಸಿ, ಪಾಠಾಂತರಗಳನ್ನು ಅಡಿಯಲ್ಲಿ ಕಾಣಿಸಿ, ಪಾಠವನ್ನು ಹೊಸದಾಗಿ ನಿರ್ಣಯಿಸುವ ಪರಿಷ್ಕರಣ. ಮೊದಲನೆಯದು ತಪ್ಪುಗಳನ್ನೂ ಉಳಿಸುತ್ತದೆ, ಆದರೆ ವಂಚಿಸುವುದಿಲ್ಲ. ಎರಡನೆಯದು ಬದಲಾಯಿಸುತ್ತದೆ, ಆದರೆ ಬದಲಾಯಿಸಿದುದನ್ನು ಹೇಳುತ್ತದೆ. ಇವೆರಡರ ನಡುವೆ ಮೂರನೆಯದೊಂದು ಬಗೆಯಿದೆ: ಹಳೆಯ ಪುಸ್ತಕವನ್ನು ಹೊಸ ಮೊಳೆಗಳಲ್ಲಿ ಜೋಡಿಸಿ, ಹಳೆಯ ಅಕ್ಷರಗಳನ್ನು ಹೊಸವಾಗಿ ಮಾರ್ಪಡಿಸಿ, ಪೀಠಿಕೆಯನ್ನೂ ಪಾಠಾಂತರಗಳನ್ನೂ ಕೈಬಿಟ್ಟು, ಮೊದಲ ಸಂಪಾದಕನ ಹೆಸರನ್ನು ಮಾತ್ರ ಮುಖಪತ್ರದಲ್ಲಿ ಉಳಿಸಿಕೊಳ್ಳುವುದು. ಅಗ್ಗವೂ ಸುಲಭವೂ ಆದ ಈ ಬಗೆಯಿಂದಾಗುವ ಕೇಡು, ಪುಸ್ತಕವು ಸಿಕ್ಕದಿರುವುದರಿಂದಾಗುವ ಕೇಡಿಗಿಂತ ಹೆಚ್ಚಿನದು. ಸಿಕ್ಕದ ಪುಸ್ತಕವನ್ನು ಹುಡುಕುವವರಿರುತ್ತಾರೆ. ಕೆಟ್ಟ ಪ್ರತಿಯು ಕೈಗೆ ಬಂದಮೇಲೆ ಒಳ್ಳೆಯದನ್ನು ಹುಡುಕುವವರು ಕಡಿಮೆ.

ಈ ಮಾತಿಗೆ ರೞ ಶಕಟರೇಫಗಳ ಗತಿಗಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಆಳ್’ ಎಂದರೆ ಒಡೆತನ ನಡೆಸು, ‘ಆೞ್’ ಎಂದರೆ ಮುಳುಗು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಮುದ್ರಣಾಲಯದಲ್ಲಿ ಮೊಳೆಯಿಲ್ಲವೆಂದೋ, ಓದುವವರಿಗೆ ತೊಡಕೆಂದೋ ೞಕಾರವನ್ನು ಳಕಾರವಾಗಿಯೂ ಱಕಾರವನ್ನು ರಕಾರವಾಗಿಯೂ ತಿರುಗಿಸಿದಾಗ, ಕವಿಯು ಎರಡಾಗಿ ಬರೆದುದು ಒಂದಾಗಿಬಿಡುತ್ತದೆ. ಸಂದರ್ಭದಿಂದ ಅರ್ಥವಾಗುವುದೆಂಬ ಸಮಾಧಾನವು ಕೆಲವೆಡೆ ಸಲ್ಲಬಹುದು. ಆದರೆ ಕಳೆದುಕೊಂಡದ್ದು ಅರ್ಥವೊಂದೇ ಅಲ್ಲ.

ಹಳಗನ್ನಡದ ಪದ್ಯಗಳಲ್ಲಿ ದ್ವಿತೀಯಾಕ್ಷರಪ್ರಾಸವು ನಿಯತವಾದುದು. ೞ ಳಗಳನ್ನು ಭೇದವಾಗಿ ಎಣಿಸುವ ಕವಿಯ ಪದ್ಯದಲ್ಲಿ ಮೂರು ಪಾದಗಳಿಗೆ ೞಕಾರವೂ ನಾಲ್ಕನೆಯದಕ್ಕೆ ಳಕಾರವೂ ಬಂದರೆ, ಅಲ್ಲಿ ಲಿಪಿಕಾರನ ಕೈವಾಡವನ್ನು ಶಂಕಿಸಬೇಕು, ಶುದ್ಧಪಾಠವನ್ನು ಅರಸಬೇಕು. ಎಲ್ಲವನ್ನೂ ಳಕಾರವಾಗಿಸಿದ ಪುಸ್ತಕದಲ್ಲಿ ಆ ಶಂಕೆಗೇ ಎಡೆಯಿಲ್ಲ. ಗಾಯವು ವಾಸಿಯಾದುದರಿಂದಲ್ಲ, ಮುಚ್ಚಿಹೋದುದರಿಂದ ಕಾಣದಾಗುತ್ತದೆ. ಹಾಗೆಯೇ ಕಾಲನಿರ್ಣಯವೂ ಕೆಡುತ್ತದೆ. ‘ಗೞ್ದೆ’ಯು ‘ಗರ್ದೆ’ಯಾಗಿ ‘ಗದ್ದೆ’ಯಾದುದು, ‘ಕೞ್ತೆ’ಯು ‘ಕತ್ತೆ’ಯಾದುದು ಭಾಷೆಯ ಚರಿತ್ರೆಯ ಹೆಜ್ಜೆಗಳು. ಶಾಸನಗಳಲ್ಲಿ ೞಕಾರವು ಹತ್ತನೆಯ ಶತಮಾನದಿಂದೀಚೆಗೆ ಸಡಿಲವಾಗುತ್ತ ಬರುವುದನ್ನು ಗ್ರಂಥಗಳ ಬಳಕೆಯೊಡನೆ ಹೋಲಿಸಬೇಕಾದರೆ, ಗ್ರಂಥವು ತನ್ನ ಅಕ್ಷರಗಳನ್ನು ಉಳಿಸಿಕೊಂಡಿರಬೇಕು.

ಈ ವಿಷಯದಲ್ಲಿ ಅತ್ಯಂತ ವಿಷಾದಕರವಾದ ಸಂಭವವೆಂದರೆ ‘ಶಬ್ದಮಣಿದರ್ಪಣ’ವನ್ನೇ ಹೀಗೆ ಅಚ್ಚುಹಾಕುವುದು. ಹದಿಮೂರನೆಯ ಶತಮಾನದ ಕೇಶಿರಾಜನು ಕುಳ, ಕ್ಷಳ, ರೞಗಳ ಭೇದವನ್ನು ವಿವರಿಸಿ, ರೞವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಟ್ಟಿದ್ದಾನೆ. ಆಡುಮಾತಿನಿಂದ ಆ ಧ್ವನಿಯು ಜಾರಿಹೋಗುತ್ತಿದ್ದ ಕಾಲದಲ್ಲಿ ಅಂತಹ ಪಟ್ಟಿಯನ್ನು ಬರೆದುದು ಲಕ್ಷಣದ ಜೊತೆಗೆ ರಕ್ಷಣೆಯ ಕಾರ್ಯವೂ ಆಯಿತು. ಭೇದವನ್ನು ಹೇಳುವ ಪಟ್ಟಿಯನ್ನೇ ಭೇದವಿಲ್ಲದ ಅಕ್ಷರದಲ್ಲಿ ಜೋಡಿಸಿದರೆ ಉಳಿಯುವುದು ಸೂತ್ರದ ಹೆಸರೊಂದೇ. ಕಿಟ್ಟೆಲನ ಮುದ್ರಣದಿಂದ ಮೊದಲ್ಗೊಂಡು ಡಿ. ಎಲ್. ನರಸಿಂಹಾಚಾರ್ಯರ 1959ರ ಪರಿಷ್ಕರಣದವರೆಗೆ ಈ ಗ್ರಂಥದ ಮೇಲೆ ನಡೆದ ಶ್ರಮವೆಲ್ಲವೂ ಇಂತಹ ಅಕ್ಷರಗಳನ್ನು ಕಾಯುವುದಕ್ಕಾಗಿಯೇ ನಡೆದುದೆಂದರೆ ಅತಿಶಯೋಕ್ತಿಯಲ್ಲ.

ಕಾವ್ಯಲಕ್ಷಣಗ್ರಂಥಗಳಂತೆ ನಿಘಂಟುಗಳಿಗೂ ಈ ವಿವೇಕವು ಬೇಕು. ಕಿಟ್ಟೆಲನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಮೂಲದ ಯಥಾಪ್ರತಿಯೂ ಮುಂದೆ ದೆಹಲಿಯಲ್ಲಿ ಪ್ರಕಟವಾಯಿತು. ಒಂದರಿಂದ ಮತ್ತೊಂದು ವ್ಯರ್ಥವಾಗಲಿಲ್ಲ. ಕನ್ನಡ ಶಬ್ದದ ಅರ್ಥವನ್ನು ಅರಸುವವನಿಗೆ ಭಟ್ಟರ ಸಂಪುಟಗಳು ಬೇಕು. 1894ರ ವೇಳೆಗೆ ಯಾವ ಶಬ್ದವು ವಿದ್ವಾಂಸರ ಗಮನಕ್ಕೆ ಬಂದಿದ್ದಿತು, ಕಿಟ್ಟೆಲನು ಅದನ್ನು ಹೇಗೆ ಗ್ರಹಿಸಿದನು ಎಂಬುದನ್ನು ಅರಸುವವನಿಗೆ ಯಥಾಪ್ರತಿಯೇ ಬೇಕು. ಎರಡು ಪ್ರಯೋಜನಗಳಿಗೆ ಎರಡು ಪುಸ್ತಕಗಳು ಒದಗಿದ ಈ ಸುಯೋಗವು ಎಲ್ಲ ಗ್ರಂಥಗಳಿಗೂ ಒದಗಿಲ್ಲ.

ಶಾಸನಸಂಪುಟಗಳ ಸಂಗತಿಯು ಇನ್ನೂ ಗುರುತರವಾದುದು. ರೈಸನು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕರಿಸಿ ಪ್ರಕಟಿಸತೊಡಗಿತು. ಕಲ್ಲು ಇರುವೆಡೆ ಕಲ್ಲನ್ನು ನೋಡಿ ಪಾಠವನ್ನು ತಿದ್ದಬಹುದು. ಕಲ್ಲೇ ಒಡೆದು ಕಾಣೆಯಾಗಿರುವೆಡೆ ರೈಸನ ಪುಟವೇ ಕಲ್ಲು. ಹೀಗಿರುವಾಗ ಪರಿಷ್ಕರಣವು ಬಂದಿತೆಂದು ಮೊದಲ ಮುದ್ರಣವನ್ನು ಗ್ರಂಥಭಂಡಾರದಿಂದ ವಿಸರ್ಜಿಸುವುದು, ಪತ್ರವು ನಕಲಾಯಿತೆಂದು ಮೂಲವನ್ನು ಸುಟ್ಟಂತೆಯೇ ಸರಿ.

ಪೀಠಿಕೆಗಳನ್ನು ಕೈಬಿಡುವ ಪದ್ಧತಿಯೂ ವಿಮರ್ಶಾರ್ಹವಾದುದು. ಹಳೆಯ ಪೀಠಿಕೆಯಲ್ಲಿ ಹೇಳಿದ ಕಾಲದೇಶವಿಚಾರಗಳು ಮುಂದಿನ ಸಂಶೋಧನೆಯಿಂದ ತಪ್ಪೆಂದು ತೋರಿರಬಹುದು. ಆದರೆ ಯಾವ ಓಲೆ ಯಾವ ಊರಿನಿಂದ ಬಂದಿತು, ಅದು ಸಮಗ್ರವೋ ತ್ರುಟಿತವೋ ಎಂಬ ವಿವರಗಳು ಇರುವುದು ಅಲ್ಲಿಯೇ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವು 1907ರಲ್ಲಿ ಪ್ರಕಟವಾಗಿ 1924ರಲ್ಲಿ ಪರಿಷ್ಕೃತವಾಯಿತು. ಸಂಶೋಧಕನು ಅನುಸರಿಸಬೇಕಾದುದು ಎರಡನೆಯದನ್ನು. ಆದರೂ 1924ಕ್ಕೆ ಮೊದಲು ಬರೆದ ಲೇಖನಗಳು ಮೊದಲನೆಯದನ್ನೇ ಆಧರಿಸಿರುವುದರಿಂದ, ಮುದ್ರಣವರ್ಷವನ್ನು ನಮೂದಿಸದೆ ‘ಕವಿಚರಿತೆಯ ಪ್ರಕಾರ’ ಎಂದು ಬರೆಯುವುದು ವಾದಕ್ಕೆ ಅಡಿಗಲ್ಲಿಲ್ಲದಂತೆ ಮಾಡುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪವು ಬರುವುದು ಸಹಜ. ಹಳಗನ್ನಡವನ್ನು ಓದುವವರೇ ವಿರಳ. ಅವರಿಗೂ ಪದವಿಂಗಡಣೆಯಿಲ್ಲದ ಪದ್ಯವನ್ನೂ ಬಳಕೆತಪ್ಪಿದ ಅಕ್ಷರವನ್ನೂ ಮುಂದಿಟ್ಟರೆ ಪುಸ್ತಕವು ಯಾರ ಕೈಗೂ ಹೋಗದು ಎಂಬುದೇ ಆ ಆಕ್ಷೇಪ. ಅಧ್ಯಾಪಕರ ಅನುಭವವನ್ನು ಬಲ್ಲವರು ಇದನ್ನು ಹಗುರವಾಗಿ ತಳ್ಳಿಹಾಕಲಾರರು. ವಿದ್ಯಾರ್ಥಿಗೆ ಪದಗಳನ್ನು ಬಿಡಿಸಿ, ಅನ್ವಯವನ್ನು ತೋರಿಸಿ, ಗದ್ಯಾನುವಾದವನ್ನು ಸೇರಿಸಿದ ಪುಸ್ತಕವು ಅವಶ್ಯವಾಗಿ ಬೇಕು. ಆದರೆ ಅದನ್ನು ಪಾಠ್ಯಪ್ರತಿಯೆಂದು ಕರೆಯಬೇಕೇ ಹೊರತು ಹಳೆಯ ಮುದ್ರಣದ ಪುನರ್ಮುದ್ರಣವೆಂದಲ್ಲ. ಅಲ್ಲದೆ ಎರಡು ಅಕ್ಷರಗಳನ್ನು ಕಲಿಯಲು ಒಂದು ಗಂಟೆ ಸಾಕು. ಅವು ಅಳಿಸಿಹೋದ ಪಾಠವನ್ನು ಮರಳಿ ಕಟ್ಟಲು ಒಂದು ಜೀವಮಾನವೂ ಸಾಲದಿರಬಹುದು.

ಈಚಿನ ಯಂತ್ರಸಾಧನಗಳಿಂದ ಯಥಾಪ್ರತಿಯ ಮಾರ್ಗವು ಸುಗಮವಾಗಿದೆ. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪ್ರಮುಖ ಪಾತ್ರ ವಹಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಅನೇಕ ಕನ್ನಡ ಪುಸ್ತಕಗಳ ಪುಟಗಳು ಬಿಂಬರೂಪದಲ್ಲಿ ಸಂಗ್ರಹವಾದುವು. ಆದರೆ ಬಿಂಬವೂ ಪ್ರತಿಯೇ. ಪ್ರತಿಗೆ ಸಹಜವಾದ ದೋಷಗಳು ಅದಕ್ಕೂ ಉಂಟು. ಪುಟ ಹಾರಿರಬಹುದು, ಅಂಚು ಕತ್ತರಿಸಿರಬಹುದು, ಕೊನೆಯ ಶುದ್ಧಾಶುದ್ಧ ಪತ್ರಿಕೆಯು ಬಿಟ್ಟುಹೋಗಿರಬಹುದು. ಒಂದೇ ಬಿಂಬವನ್ನು ನಂಬಿ ಅಚ್ಚುಹಾಕುವುದು ಒಂದೇ ಓಲೆಯನ್ನು ನಂಬಿ ಸಂಪಾದಿಸಿದಷ್ಟೇ ಅಪಾಯಕರ. ಎರಡು ಭಂಡಾರಗಳ ಪ್ರತಿಗಳನ್ನಾದರೂ ಪುಟಪುಟವಾಗಿ ಹೋಲಿಸಿದ ಬಳಿಕವೇ ಯಥಾಪ್ರತಿಯು ಆ ಹೆಸರಿಗೆ ಅರ್ಹವಾಗುತ್ತದೆ.

ಮೊಳೆಯಿಲ್ಲವೆಂಬ ಹಳೆಯ ನೆಪವೂ ಈಗ ಸಲ್ಲದು. ಗಣಕಯಂತ್ರಗಳ ಯೂನಿಕೋಡ್ ಸಂಕೇತಮಾಲೆಯಲ್ಲಿ ೞ ಱ ಎರಡಕ್ಕೂ ಸ್ಥಾನವಿದೆ. ಅಲ್ಲಿ ೞಕಾರಕ್ಕೆ ಮೊದಲು ಕೊಟ್ಟ ಆಂಗ್ಲ ಹೆಸರು ‘ಫ’ ಎಂಬ ಧ್ವನಿಯನ್ನು ಸೂಚಿಸುವ ತಪ್ಪುಹೆಸರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಅದರ ಜೊತೆಯಲ್ಲಿ ಅಧಿಕೃತವಾಗಿ ನಮೂದಿಸಲಾಗಿದೆ. ತಪ್ಪನ್ನು ಅಳಿಸದೆ, ತಿದ್ದುಪಡಿಯನ್ನು ಮರೆಸದೆ, ಎರಡನ್ನೂ ಓದುವವರ ಮುಂದಿಡುವ ಈ ಕ್ರಮವೇ ಪುನರ್ಮುದ್ರಣಕ್ಕೂ ತಕ್ಕುದಾದುದು.

ಒಟ್ಟಿನಲ್ಲಿ, ಹಳೆಯ ಗ್ರಂಥವನ್ನು ಮರಳಿ ಅಚ್ಚುಹಾಕುವವರು ಯಾವ ವರ್ಷದ ಯಾವ ಮುದ್ರಣವನ್ನು ಅನುಸರಿಸಲಾಯಿತೆಂಬುದನ್ನು ಮುಖಪತ್ರದಲ್ಲಿಯೇ ಹೇಳತಕ್ಕದ್ದು. ಹಳೆಯ ಪೀಠಿಕೆಯನ್ನು ಪೂರ್ಣವಾಗಿ ಉಳಿಸತಕ್ಕದ್ದು. ಹಳೆಯ ಪುಟಸಂಖ್ಯೆಗಳನ್ನು ಅಂಚಿನಲ್ಲಿ ತೋರಿಸತಕ್ಕದ್ದು. ಅಕ್ಷರಗಳನ್ನು ಮುಟ್ಟದೆ, ತಿದ್ದಬೇಕಾದುದನ್ನು ಕೊನೆಯಲ್ಲಿ ಪಟ್ಟಿಮಾಡತಕ್ಕದ್ದು. ಇವು ಹೆಚ್ಚಿನ ವೆಚ್ಚವನ್ನು ಬೇಡುವ ನಿಯಮಗಳಲ್ಲ. ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪ್ರಕಟಿಸಿ ಓಲೆಯ ಪ್ರತಿಗಳ ವಿಷಯದಲ್ಲಿ ಅನುಸರಿಸಬೇಕಾದ ಶಾಸ್ತ್ರವನ್ನು ಕನ್ನಡಕ್ಕೆ ಒದಗಿಸಿದರು. ಆ ಶಾಸ್ತ್ರವನ್ನು ಅಚ್ಚಿನ ಪ್ರತಿಗಳಿಗೂ ಅನ್ವಯಿಸುವ ಕಾಲವು ಬಂದಿದೆ. ಮುಂದಿನ ಸಂಪಾದಕನಿಗೆ ಓಲೆಯೂ ಸಿಕ್ಕದೆ ಹಳೆಯ ಅಚ್ಚೂ ಸಿಕ್ಕದೆ ಹೋದಲ್ಲಿ, ಅವನ ಕೈಯಲ್ಲಿ ಉಳಿಯುವುದು ಇಂದಿನ ಪುನರ್ಮುದ್ರಣವೊಂದೇ. ಅವನಿಗೆ ಅದು ಸಾಕ್ಷಿಯಾಗುವುದೋ ತಡೆಯಾಗುವುದೋ ಎಂಬುದು ಇಂದು ಅಚ್ಚುಹಾಕುವವರ ಎಚ್ಚರಿಕೆಯನ್ನು ಅವಲಂಬಿಸಿದೆ.