ತಾಲ್ಲೂಕಿನ ಸರಾಸರಿ ಮತ್ತು ತಣಿಸಂದ್ರ: ನಂಜುಂಡಪ್ಪ ವರದಿಯ ಮರುಪರಿಶೀಲನೆ

ಕರ್ನಾಟಕದ ಅಭಿವೃದ್ಧಿ ಚಿಂತನೆಯಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಗೆ ವಿಶಿಷ್ಟ ಸ್ಥಾನವಿದೆ. 35 ಸೂಚಕಗಳ ನೆರವಿನಿಂದ ಅಂದಿನ 175 ತಾಲ್ಲೂಕುಗಳನ್ನು ಅಳೆದ ಸಮಿತಿಯು 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎಂಟು ವರ್ಷಗಳ ಅವಧಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಅದು ಸೂಚಿಸಿತು. ಅನುಷ್ಠಾನ ಆರಂಭವಾದದ್ದು 2007-08ರಲ್ಲಿ.

ವರದಿಯ ಹಿರಿಮೆಯಿರುವುದು ಅದು ಆಯ್ದುಕೊಂಡ ಘಟಕದಲ್ಲಿ. ನಾಲ್ಕನೆಯ ಪಂಚವಾರ್ಷಿಕ ಯೋಜನೆಯ ಕಾಲದಿಂದ ಬಳಕೆಗೆ ಬಂದ ಗಾಡ್ಗೀಳ್ ಸೂತ್ರವು ರಾಜ್ಯ ರಾಜ್ಯಗಳ ನಡುವಣ ಅಂತರವನ್ನು ಪರಿಗಣಿಸಿತೇ ಹೊರತು ರಾಜ್ಯದ ಒಳಗಿನ ಅಂತರವನ್ನಲ್ಲ. ನಂಜುಂಡಪ್ಪ ಸಮಿತಿಯು ಈ ನ್ಯಾಯವನ್ನು ತಾಲ್ಲೂಕಿನವರೆಗೆ ಇಳಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಗುಲಬರ್ಗಾ ವಿಭಾಗಕ್ಕೆ ಸೇರಿದ್ದವೆಂಬುದು ನಿರೀಕ್ಷಿತವೇ. ಆದರೆ ರಾಜಧಾನಿಯ ಮಗ್ಗುಲಲ್ಲಿರುವ ಕನಕಪುರ, ಮಾಗಡಿಗಳೂ ಅದೇ ಪಟ್ಟಿಯಲ್ಲಿದ್ದವು. ಅಸಮತೋಲನವು ಕೇವಲ ಉತ್ತರ-ದಕ್ಷಿಣಗಳ ಪ್ರಶ್ನೆಯಲ್ಲವೆಂಬುದು ಇದರಿಂದ ಸಿದ್ಧವಾಯಿತು.

ವರದಿಯ ಮಿತಿಯೂ ಈ ಘಟಕದಲ್ಲಿಯೇ ಅಡಗಿದೆ. ರಾಜ್ಯದ ಸರಾಸರಿಯನ್ನು ಒಂದು ಎಂದು ಇಟ್ಟುಕೊಂಡ ಸೂಚ್ಯಂಕವು ಕೊರತೆಯನ್ನು ಅಳೆಯುತ್ತದೆ, ಸಾಂದ್ರೀಕರಣವನ್ನು ಅಳೆಯುವುದಿಲ್ಲ. ಸರಾಸರಿಯನ್ನು ಮುಟ್ಟಿದ 61 ತಾಲ್ಲೂಕುಗಳು ವಿಶೇಷ ಯೋಜನೆಯ ಲೆಕ್ಕದಿಂದ ಹೊರಗುಳಿದವು. ಇದರ ಪರಿಣಾಮವನ್ನು ಬೆಂಗಳೂರಿನ ಉತ್ತರ ಅಂಚಿನ ತಣಿಸಂದ್ರದಲ್ಲಿ ಕಾಣಬಹುದು. ಹೊಲಗದ್ದೆಗಳ ಈ ಹಳ್ಳಿಯು ನಾಗವಾರದ ತಂತ್ರಜ್ಞಾನ ಉದ್ಯಾನ ಹಾಗೂ 2008ರಲ್ಲಿ ಆರಂಭವಾದ ದೇವನಹಳ್ಳಿ ವಿಮಾನ ನಿಲ್ದಾಣಗಳ ನಡುವೆ ಸಿಲುಕಿ, ಮಹಾನಗರ ಪಾಲಿಕೆಯ ವಾರ್ಡ್ ಆಗಿ ಮಾರ್ಪಟ್ಟಿತು. ಇಂಥ ಅಂಚುಗಳಲ್ಲಿ ಮೇಲೇಳುವ ಬಹುಮಹಡಿ ಕಟ್ಟಡಗಳಿಗೆ ದುಡಿಮೆ ಒದಗಿಸುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಗುಳೆ ಬಂದವರೂ ಇದ್ದಾರೆ. ತಾಲ್ಲೂಕಿನ ಸರಾಸರಿಯಲ್ಲಿ ಅವರ ತಗಡಿನ ಶೆಡ್ಡುಗಳು ಕಾಣಿಸವು. ಹಿಂದುಳಿದ ತಾಲ್ಲೂಕಿನ ಬಡತನವೂ ತಣಿಸಂದ್ರದ ಇಕ್ಕಟ್ಟೂ ಒಂದೇ ಪ್ರಕ್ರಿಯೆಯ ಎರಡು ತುದಿಗಳು. ವಿಶೇಷ ಯೋಜನೆಯು ಒಂದು ತುದಿಗೆ ಮಾತ್ರ ಮದ್ದು ಹುಡುಕಿತು.

ಮುಂದಿನ ರಾಷ್ಟ್ರೀಯ ಸುಧಾರಣೆಗಳೂ ಈ ಕೊರತೆಯನ್ನು ತುಂಬಲಿಲ್ಲ. 2015ರಲ್ಲಿ ಯೋಜನಾ ಆಯೋಗದ ಸ್ಥಾನಕ್ಕೆ ನೀತಿ ಆಯೋಗ ಬಂದಿತು. ಹದಿನಾಲ್ಕನೆಯ ಹಣಕಾಸು ಆಯೋಗವು ಕೇಂದ್ರ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶೇ. 32ರಿಂದ 42ಕ್ಕೆ ಏರಿಸಿತು. 2017-18ರಿಂದ ಕೇಂದ್ರ ಆಯವ್ಯಯದಲ್ಲಿ ಯೋಜನಾ-ಯೋಜನೇತರ ವೆಚ್ಚಗಳ ಭೇದವೂ ಅಳಿಯಿತು. ಹಣ ಮತ್ತು ಅಧಿಕಾರ ದೆಹಲಿಯಿಂದ ರಾಜಧಾನಿಗಳಿಗೆ ಸರಿದವು. ಆದರೆ ರಾಜಧಾನಿಯಿಂದ ತಾಲ್ಲೂಕಿಗೆ ಹರಿಯುವ ಕಡ್ಡಾಯ ಸೂತ್ರವೊಂದು ಈ ಸುಧಾರಣೆಗಳ ಜೊತೆಗೆ ಬರಲಿಲ್ಲ. ಸಂವಿಧಾನದ 371ಜೆ ವಿಧಿಯು ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ ಹಾಗೂ ಮೀಸಲಾತಿಯ ಆಸರೆ ನೀಡಿದೆ. ಮಾಗಡಿ, ಪಾವಗಡಗಳಂಥ ತಾಲ್ಲೂಕುಗಳು ಅದರ ವ್ಯಾಪ್ತಿಗೆ ಬಾರವು.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾದದ್ದು ನಂಜುಂಡಪ್ಪ ವರದಿಯ ಪ್ರಶ್ನೆ ಇನ್ನೂ ಜೀವಂತವಾಗಿರುವುದಕ್ಕೆ ಸಾಕ್ಷಿ. ತಾಲ್ಲೂಕುಗಳ ಪಟ್ಟಿಯನ್ನು ಪರಿಷ್ಕರಿಸುವುದರಿಂದ ಮಾತ್ರ ಉತ್ತರ ದೊರೆಯಲಾರದು. ಗುಳೆ ಹೊರಡುವ ಊರನ್ನೂ ಗುಳೆ ಸೇರುವ ಊರನ್ನೂ ಒಂದೇ ಲೆಕ್ಕದಲ್ಲಿ ಕಾಣುವ ಅಳತೆಗೋಲು ರೂಪುಗೊಂಡಾಗಲೇ ಸಮತೋಲನವೆಂಬ ಮಾತಿಗೆ ಅರ್ಥ ಬಂದೀತು.